ಹೆಗಲಬಂಡೆಗೆ ಆ ಹೆಸರು ಬಂದುದು

ಅಳಿವೆಯಿಂದ ಮೇಲಕ್ಕೆ, ಹೊಳೆ ಗುಡ್ಡದ ಬುಡ ಬಳಸಿ ತಿರುಗುವಲ್ಲಿ, ನಡುನೀರಿನಲ್ಲೊಂದು ಕರಿಯ ಬಂಡೆಯಿದೆ. ಸಮುದ್ರದ ನೀರು ಹೊಳೆಯೊಳಕ್ಕೆ ಏರಿಬರುವ ಭರತದ ಹೊತ್ತಿನಲ್ಲಿ ಅದು ಪೂರ್ತಿ ಮುಳುಗುತ್ತದೆ. ಇಳಿತಕ್ಕೆ ಎದ್ದು ಕಾಣುತ್ತದೆ. ಈಗ ಪಕ್ಕದಲ್ಲೇ ಸೇತುವೆಯಾಗಿದೆ, ಲಾರಿಗಳು ಓಡಾಡುತ್ತವೆ. ಊರವರು ಅದನ್ನು ಹೆಗಲಬಂಡೆ ಎನ್ನುತ್ತಾರೆ. ಯಾವ ಕಡೆಯಿಂದ ನೋಡಿದರೂ ಅದಕ್ಕೆ ಹೆಗಲಿನ ಆಕಾರವಿಲ್ಲ.

ಹಿಂದೆ ಒಮ್ಮೆ ಘಟ್ಟದ ಮೇಲಿನವರಿಗೆಲ್ಲ ಉಪ್ಪು ಹೋಗುತ್ತಿದ್ದುದು ಈ ಹೊಳೆಯ ದಾರಿಯಲ್ಲೇ. ಅಳಿವೆಯ ಆಗರಗಳಲ್ಲಿ, ಅಂದರೆ ಉಪ್ಪಿನ ಗದ್ದೆಗಳಲ್ಲಿ, ಬೆಳೆದ ಉಪ್ಪನ್ನು ಮಚ್ವೆ ಎಂಬ ದೊಡ್ಡ ಹಾಯಿದೋಣಿಗೆ ತುಂಬಿ, ಭರತದ ಬೆನ್ನೇರಿ ಘಟ್ಟದ ಬುಡಕ್ಕೆ ಒಯ್ಯುತ್ತಿದ್ದರು. ಆಗರಗಳ ಒಡೆಯ ವಿಠೋಬ ಶೆಟ್ಟಿ. ಅವನ ಮಚ್ವೆಯಲ್ಲಿ ಗೊಯ್ದನೆಂಬವನು ಕೆಲಸಕ್ಕಿದ್ದ. ಅವನ ಹೆಂಡತಿ ಸೋಮಿ ಹುಟ್ಟಿದಂದಿನಿಂದ ಆಗರದಲ್ಲಿ ಉಪ್ಪು ಬಳಿದು ರಾಶಿ ಹಾಕಿದವಳು. ಆ ಸಲ ಆಳುಗಳಿಗೆ ಗಂಜಿ ಬೇಯಿಸಲು ಮೊದಲ ಬಾರಿ ಮಚ್ವೆ ಹತ್ತಿದ್ದಳು. ಶೆಟ್ಟಿ ಆಸೆಗೆ ಬಿದ್ದು ಅಂಚಿನವರೆಗೆ ಉಪ್ಪು ಹೇರಿಸಿ ತಾನೂ ಹತ್ತಿದ್ದ. ಭಾರಕ್ಕೆ ಮಚ್ವೆ ನಿಧಾನವಾಯಿತು. ತಿರುವಿಗೆ ಬರುವಷ್ಟರಲ್ಲಿ ನೀರು ಇಳಿಯತೊಡಗಿ ತಳ ಬಂಡೆಗೆ ಕೂತಿತು. ಒಂದು ಮಗ್ಗುಲು ಬಂಡೆಯ ಪಕ್ಕದ ಆಳದ ಮಡುವಿನತ್ತ ವಾಲಿತು. ಆಸರೆಗೆ ಕೊಟ್ಟ ಗಳಗಳು ಮುರಿದವು. ಆಗ ಶೆಟ್ಟಿ ಆಳುಗಳನ್ನೇ ಬಂಡೆಗಿಳಿಸಿ, ಮಚ್ವೆಯ ಅಡಿಗೆ ಹೆಗಲು ಕೊಡಿಸಿ ನಿಲ್ಲಿಸಿದನಂತೆ.

ಮತ್ತೆ ಭರತ ಬಂದಿತು. ನೀರು ಎದೆಗೇರುತ್ತಲೇ ಉಳಿದವರು ಮೇಲೆ ಹತ್ತಿಕೊಂಡರು. ಗೊಯ್ದನ ಕಾಲು ಮಾತ್ರ ತಳಕ್ಕೂ ಬಂಡೆಗೂ ನಡುವೆ ಸಿಕ್ಕಿಕೊಂಡಿತ್ತು. ಎಳೆದರು, ಬರಲಿಲ್ಲ. ಸೋಮಿ ಅಂಚಿನಿಂದ ಬಗ್ಗಿ ನೋಡಿದಳು. ಅವಳ ಮುಖ ಕಂಡು ಅವನು ನಕ್ಕ. “ಎಂತ ನೋಡ್ತೆ? ಗಂಜಿ ಇಲ್ಲೇ ತಂದು ಬಾಯಿಗೆ ಹಾಕು. ಉಪ್ಪು ಬೇಡ, ಹೊಳೆ ನೀರೇ ಸಾಕು.”

ಅವಳು ಶೆಟ್ಟಿಯ ಕಾಲಿಗೆ ಬಿದ್ದಳು. “ಒಡೆಯಾ, ಅರ್ಧ ಉಪ್ಪು ಹೊಳೆಗೆ ಹಾಕ್ಸಿ. ಮಚ್ವೆ ಹಗುರಾದ್ರೆ ಅವ್ರ ಕಾಲು ಬತ್ತದೆ.”

“ಹಾಕಿ ಘಟ್ಟದವ್ರಿಗೆ ಎಂತ ಕೊಡೂದು, ನಿನ್ನ ಗಂಡನ ಕಾಲಾ? ಭರತ ಏರ್ತಾ ಅದೆ. ಮಚ್ವೆ ತಾನೇ ಏಳ್ತದೆ.” ಒಬ್ಬ ಆಳು ಚೀಲಕ್ಕೆ ಕೈ ಹಾಕಿದ. “ಮುಟ್ಟಿದವ್ನ ಮನೆಯವ್ರು ನಾಳೆಯಿಂದ ನನ್ನ ಆಗರ ತುಳಿಯೂದು ಬೇಡ,” ಎಂದ ಶೆಟ್ಟಿ. ಆ ಕೈ ಹಿಂದೆ ಬಂತು.

ನೀರು ಗೊಯ್ದನ ಗಂಟಲು ಮುಟ್ಟಿತು. ಸೋಮಿ ಉಪ್ಪನ್ನು ಬಲ್ಲವಳು. ಬೆಟ್ಟದಂಥ ರಾಶಿ ಒಂದು ಅಕಾಲ ಮಳೆಗೆ ಹೇಳಹೆಸರಿಲ್ಲದೆ ಕರಗಿಹೋಗುವುದನ್ನು ಎಷ್ಟೋ ಸಲ ಕಂಡಿದ್ದಳು. ಮಚ್ವೆಯನ್ನು ದಡಕ್ಕೆಳೆದಾಗ ಒಳನೀರು ಬಿಡಲೆಂದು ತಳದಲ್ಲಿ ಮರದ ಬೂಚು ಇರುತ್ತದೆ. ಅವಳು ಚೀಲಗಳ ಸಂದಿಯಲ್ಲಿ ನುಸುಳಿ ಅದನ್ನು ಕಿತ್ತಳು. ನೀರು ಬರಲಿ, ಉಪ್ಪು ಕರಗಲಿ, ಭಾರ ಇಳಿಯಲಿ ಎಂಬುದು ಅವಳ ಎಣಿಕೆ. ನೀರು ನುಗ್ಗಿತು. ಉಪ್ಪು ಕರಗುವ ಮೊದಲೇ ಹೊಟ್ಟೆ ತುಂಬಿಸಿಕೊಂಡ ಮಚ್ವೆ ಇನ್ನಷ್ಟು ಕೆಳಗೆ ಕುಸಿಯಿತು. “ಬೂಚು ಹಾಕೇ, ಸೋಮೀ! ಭಾರ ಆಗ್ತದೆ!” ಎಂದು ಕೆಳಗಿನಿಂದ ಕೂಗು ಕೇಳಿತು. ಎರಡೂ ಕೈಯಿಂದ ಒತ್ತಿದಳು. ನೀರಿನ ರಭಸಕ್ಕೆ ಬೂಚು ನಿಲ್ಲಲಿಲ್ಲ. ಇನ್ನೊಂದು ಕೂಗು ಬರಲಿಲ್ಲ.

ಇಳಿತಕ್ಕೆ ನೋಡಿದರೆ ಗೊಯ್ದ ನಿಂತೇ ಇದ್ದ, ಹೆಗಲು ತಳಕ್ಕೆ ಆನಿಸಿಕೊಂಡು. ಅದೇ ತೂತಿನಿಂದ ಕರಗಿದ ಉಪ್ಪೆಲ್ಲ ಅವನ ಮೈಮೇಲೆ ಸುರಿದು ಹೋಗುತ್ತಿತ್ತು. ಆಳುಗಳು ಬೂಚು ಜಡಿದರು. ಮುಂದಿನ ಭರತಕ್ಕೆ ಮಚ್ವೆ ಬೆಂಡಿನಂತೆ ಎದ್ದಿತು. “ತಾನೇ ಏಳ್ತದೆ ಅಂತ ನಾ ಹೇಳ್ಲಿಲ್ವಾ?” ಎಂದನಂತೆ ಶೆಟ್ಟಿ. ಸೋಮಿಗೆ ಬೇರೆ ಊರಿರಲಿಲ್ಲ. ಸಾಯುವ ತನಕ ಅವನ ಆಗರದಲ್ಲೇ ಉಪ್ಪು ಬಳಿದಳು ಎನ್ನುತ್ತಾರೆ.

ಇಳಿತದ ಹೊತ್ತಿಗೆ ಹೋದರೆ ಬಂಡೆಯ ಮೈತುಂಬ ಚಿಪ್ಪುಗಳು ಒತ್ತೊತ್ತಾಗಿ ಕಚ್ಚಿರುವುದು ಕಾಣುತ್ತದೆ. ಮಡುವಿನ ಮಗ್ಗುಲಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಮಾತ್ರ ನುಣ್ಣಗೆ ಖಾಲಿಯಿದೆ. ಪ್ರವಾಸಿಗರು ದೋಣಿಯಲ್ಲಿ ಬಂದು ಅಲ್ಲಿ ನಿಂತು, ಹೆಗಲು ಕೊಟ್ಟವರಂತೆ ಬಗ್ಗಿ, ನಗುತ್ತ ಫೋಟೋ ತೆಗೆಸಿಕೊಳ್ಳುತ್ತಾರೆ. ನೀರು ಪಾದ ಮುಟ್ಟಿತೋ, ದೋಣಿಯವನು ಯಾರ ಮಾತನ್ನೂ ಕೇಳದೆ ರಟ್ಟೆ ಹಿಡಿದು ಎಳೆದು ಹತ್ತಿಸಿಕೊಳ್ಳುತ್ತಾನೆ.