ಬರಿಗಾಲಿನ ಹರಕೆ

ಹೊಳೆಯ ದಂಡೆಯ ಆಶ್ರಮಕ್ಕೆ ಆ ಭಾನುವಾರ ಕರಿಬಸಪ್ಪ ಕುಂಟುತ್ತ ಬಂದ. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

ಅವ್ವನವರು ಜಗಲಿಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದರು. ಕಾವಿ ಉಡುವ ಮೊದಲು ಅವರು ಸುತ್ತಲಿನ ಊರುಗಳಿಗೆಲ್ಲ ಸೂಲಗಿತ್ತಿಯಾಗಿದ್ದವರು. ಈಗ ಎಂಬತ್ತು ದಾಟಿತ್ತು. ಮಾತು ಕಡಿಮೆ, ಆಡಿದಷ್ಟೂ ನೇರ.

ಕರಿಬಸಪ್ಪ ನಮಸ್ಕರಿಸಿ ಮೆಟ್ಟಿಲ ಮೇಲೆ ಕುಳಿತ.

“ಅವ್ವಾ, ಇನ್ನೊಂದು ಹರಕೆ ಹೇಳಿಕೊಡಿ.”

“ಈಗಿನದಕ್ಕೆ ಏನಾಯಿತು?”

“ಸಾಲುತ್ತಿಲ್ಲ.”

ಕರಿಬಸಪ್ಪ ನಲವತ್ತು ವರ್ಷ ಬಸ್ ನಿಲ್ದಾಣದ ಪಕ್ಕದ ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡಿದವನು. ಅವನಿಗೆ ಒಬ್ಬಳೇ ಮಗಳು, ಮುಕ್ತಾ. ತಾಯಿಯಿಲ್ಲದೆ ಬೆಳೆದವಳು, ಓದಿ ಸೇನೆಯಲ್ಲಿ ಡಾಕ್ಟರಾಗಿದ್ದಳು. ನಾಲ್ಕು ತಿಂಗಳ ಹಿಂದೆ ಅವಳನ್ನು ಗಡಿಯ ಹಿಮದ ಬೆಟ್ಟಗಳ ನಡುವಿನ ಒಂದು ಶಿಬಿರಕ್ಕೆ ಕಳುಹಿಸಿದರು. ಮಗಳು ಮರಳಿ ಮನೆಯ ಹೊಸ್ತಿಲು ತುಳಿಯುವವರೆಗೆ ಚಪ್ಪಲಿ ಮೆಟ್ಟುವುದಿಲ್ಲವೆಂದು ಕರಿಬಸಪ್ಪ ಅಂದೇ ದೇವರ ಮುಂದೆ ನುಡಿದಿದ್ದ.

“ಸಾಲುತ್ತಿಲ್ಲವೆಂದು ಹೇಳಿದವರು ಯಾರು? ದೇವರೋ?” ಅವ್ವನವರು ಕೇಳಿದರು.

“ಫೋನು ಹೇಳಿತು ಅವ್ವಾ. ಭಾನುವಾರ ಹತ್ತೂವರೆಗೆ ಮಾತಾಡಲು ಅವಳ ಸರದಿ. ಮೊದಲೆಲ್ಲ ಇಪ್ಪತ್ತು ನಿಮಿಷ ಮಾತಾಡುತ್ತಿದ್ದಳು. ಮೂರು ವಾರದ ಹಿಂದೆ ಆರು ನಿಮಿಷ. ಆಮೇಲೆ ನಾಲ್ಕು. ಹೋದ ವಾರ ಎರಡೂ ತುಂಬಲಿಲ್ಲ.”

“ಗಡಿಯಾರದವನ ಹೊಟ್ಟೆಯಲ್ಲಿ ಹುಟ್ಟಿದರೆ ಇದೊಂದು ಕಷ್ಟ.”

ಕರಿಬಸಪ್ಪನಿಗೆ ನಗು ಬರಲಿಲ್ಲ.

“ದನಿ ಒಣಗಿಹೋಗಿದೆ ಅವ್ವಾ. ‘ಕಾಲು ಹೇಗಿದೆ ಅಪ್ಪಾ’ ಅನ್ನುತ್ತಾಳೆ. ‘ಚೆನ್ನಾಗಿದೆ’ ಅನ್ನುತ್ತೇನೆ. ‘ನೀನು ಹೇಗಿದ್ದೀ ಮಗಳೇ’ ಅಂದರೆ ಅವಳೂ ‘ಚೆನ್ನಾಗಿದ್ದೇನೆ’ ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಇವತ್ತು ಅದೂ ಇಲ್ಲದೆ ಹೋದರೆ? ಅವಳಿಗೂ ನನಗೂ ನಡುವೆ ಉಳಿದಿರುವುದು ಅದೊಂದೇ ಎಳೆ.”

“ನಿನ್ನ ಕಾಲಿನ ಸಂಗತಿ ಅವಳಿಗೆ ತಿಳಿದದ್ದು ಹೇಗೆ?”

“ನಾನೇ ಹೇಳಿದೆ. ಅಪ್ಪ ನಿನಗಾಗಿ ಬರಿಗಾಲಲ್ಲಿದ್ದಾನೆ ಅಂದರೆ ಧೈರ್ಯ ಬರುವುದಿಲ್ಲವೇ?”

“ಬಂತೋ?”

“ಬೈದಳು. ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಬಾರದಂತೆ.”

“ಅವಳಿಗೆ ಅಲ್ಲಿ ರೋಗಿಗಳು ಕಡಿಮೆ ಬಿದ್ದಿದ್ದರೇನು?”

ಕರಿಬಸಪ್ಪ ತಲೆ ತಗ್ಗಿಸಿದ. “ಉಪ್ಪು ಬಿಡಲೇ ಅವ್ವಾ?” ಎಂದು ಕೇಳಿದ.

“ಕಾಲು ತೋರಿಸು.”

ಅವನು ಪಂಚೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡ.

“ಏನಿಲ್ಲ ಅವ್ವಾ. ಹರಕೆಯ ಕಾಲು.”

“ಹರಕೆಯ ಕಾಲಿಗೆ ಕೀವು ತುಂಬುವುದಿಲ್ಲವೋ? ವಾಸನೆ ಇಲ್ಲಿಯವರೆಗೆ ಬರುತ್ತಿದೆ.”

ಐದು ದಿನದ ಹಿಂದೆ ಚುಚ್ಚಿದ ಜಾಲಿಯ ಮುಳ್ಳು ಹಿಮ್ಮಡಿಯ ಪಕ್ಕದಲ್ಲಿ ಮುರಿದು ಒಳಗೇ ಉಳಿದಿತ್ತು. ಅಂಗಾಲಿನ ಅಂಚು ಕೆಂಪಗೆ ಊದಿತ್ತು. ದೇವರಿಗೆ ಒಪ್ಪಿಸಿದ ಕಾಲಿಗೆ ಔಷಧ ಹಚ್ಚಿದರೆ ಹರಕೆ ಕೆಟ್ಟೀತೆಂದು ಅವನು ಯಾರಿಗೂ ತೋರಿಸಿರಲಿಲ್ಲ.

ಅವ್ವನವರು ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು ಎದ್ದರು.

“ಒಳಗೆ ನಡೆ. ಇಲ್ಲಿ ಗಾಳಿಗೆ ಮರಳು ಹಾರುತ್ತಿದೆ.”

ಒಳಗೆ ಒಂದೇ ಕೋಣೆ. ಕಿಟಕಿಯಿಲ್ಲ. ಬಾಗಿಲಿನಿಂದ ಬಂದ ಬಿಸಿಲು ಹೊಸ್ತಿಲಿನ ಒಳಗೆ ಒಂದು ಮೊಳದಷ್ಟು ಬಿದ್ದಿತ್ತು. ಅದರಾಚೆ ಎಲ್ಲ ಮಬ್ಬು. ಅವ್ವನವರು ಒಲೆಯ ಮೇಲೆ ನೀರಿಟ್ಟರು.

“ನಿನ್ನ ಜೇಬಿನಲ್ಲಿ ಚಿಮುಟ ಇರುತ್ತದಲ್ಲ, ಕೊಡು.”

“ಅದು ಗಡಿಯಾರದ್ದು ಅವ್ವಾ.”

“ಮುಳ್ಳಿಗೆ ಅದು ಗೊತ್ತಿಲ್ಲ.”

ಚಿಮುಟವನ್ನೂ ಒಂದು ಸೂಜಿಯನ್ನೂ ಕುದಿಯುವ ನೀರಿಗೆ ಹಾಕಿದರು. ಬಳಿಕ ಅವನನ್ನು ಬಿಸಿಲಿನ ಅಂಚಿಗೆ ಕೂರಿಸಿ, ತಾವು ಮರಳು ಹಾರಿಬರದಷ್ಟು ಒಳಗೆ ನೆಲದ ಮೇಲೆ ಕುಳಿತು ತಮ್ಮ ಮಡಿಲಿನ ಮೇಲೆ ಒಂದು ಮಡಿಬಟ್ಟೆ ಹಾಸಿಕೊಂಡರು.

“ಕಾಲು ಇಲ್ಲಿಡು.”

“ನಿಮ್ಮ ಮಡಿಲಿನಲ್ಲಿ ನನ್ನ ಕಾಲೇ? ಬೇಡ ಅವ್ವಾ, ಪಾಪ.”

“ಪಾಪ ನನಗಿರಲಿ. ಕಾಲು ಇಡು.”

ಅಂಗಾಲು ಮೇಲೆ ಬರುವಂತೆ ಅವರು ಪಾದವನ್ನು ಹೊರಳಿಸಿದರು. ಬಗ್ಗಿ ನೋಡಿದರು. ಮತ್ತೆ ನೆಟ್ಟಗಾದರು.

“ನನ್ನ ಕಣ್ಣಿಗೆ ಈ ಬೆಳಕು ಸಾಲದು. ಆ ಊಟದ ತಟ್ಟೆ ತೆಗೆದುಕೋ.”

ಗೋಡೆಗೆ ಒರಗಿಸಿದ್ದ ಸ್ಟೀಲಿನ ತಟ್ಟೆ ಅವನ ಕೈಗೆ ಎಟುಕಿತು. ಬಿಸಿಲಿಗೆ ಹಿಡಿದು ಓರೆ ಮಾಡಿದ. ರೊಟ್ಟಿಯಗಲದ ಬೆಳಕೊಂದು ನೆಗೆದು ಗೋಡೆಯ ಮೇಲೆ ಓಡಾಡಿ, ಕೊನೆಗೆ ಅಂಗಾಲಿನ ಮೇಲೆ ನಿಂತಿತು.

“ಹಾಗೆಯೇ ಹಿಡಿದಿರು,” ಎಂದರು ಅವ್ವನವರು. ಸೂಜಿ ಎತ್ತಿಕೊಂಡರು.

ಸೂಜಿ ತಾಕುತ್ತಲೇ ಕರಿಬಸಪ್ಪ ಕಣ್ಣುಮುಚ್ಚಿ ಮುಖ ತಿರುಗಿಸಿದ. ಮುಖದೊಡನೆ ಕೈ ಹೊರಳಿತು. ಬೆಳಕು ಛಾವಣಿಯ ತೊಲೆಗೆ ಹಾರಿತು.

ಅವ್ವನವರು ಕೈ ತಡೆದರು.

“ನಾನು ತೊಲೆ ನೋಡಬೇಕಾಗಿಲ್ಲ ಕರಿಬಸಪ್ಪ.”

ಅವನು ತಟ್ಟೆಯನ್ನು ಸರಿಪಡಿಸಿದ. ಸೂಜಿ ಇಳಿಯಿತು. ಬೆಳಕು ಮತ್ತೆ ತೊಲೆಗೆ ಹೋಯಿತು.

“ನೋಡಲಾರೆ ಅವ್ವಾ.”

“ನೀನು ನೋಡದಿದ್ದರೆ ನನಗೂ ಕಾಣುವುದಿಲ್ಲ.”

“ನೋವಾಗುತ್ತದೆ.”

“ಆಗುತ್ತದೆ.”

“ಮಂತ್ರವನ್ನಾದರೂ ಹೇಳಿಕೊಳ್ಳಲೇ?”

“ಮಂತ್ರ ಬೇಡ, ತಟ್ಟೆ ಹಿಡಿ. ಗಡಿಯಾರ ಬಿಚ್ಚುವಾಗಲೂ ಹೀಗೆಯೇ ಮುಖ ತಿರುಗಿಸುತ್ತಿದ್ದೆಯಾ?”

“ಗಡಿಯಾರಕ್ಕೆ ನೋವಾಗುವುದಿಲ್ಲವಲ್ಲ ಅವ್ವಾ!”

ಅವ್ವನವರ ತುಟಿಯಂಚಿನಲ್ಲಿ ಏನೋ ಮಿನುಗಿ ಮರೆಯಾಯಿತು. ಕರಿಬಸಪ್ಪ ಹಲ್ಲು ಕಚ್ಚಿ ತನ್ನ ಅಂಗಾಲನ್ನು ನೋಡಿದ. ಬೆಳಕು ಬಂದು ಕುಳಿತಿತು.

ಅವ್ವನವರು ಚರ್ಮವನ್ನು ಎಳೆ ಎಳೆಯಾಗಿ ಬಿಡಿಸುತ್ತ ಹೋದರು. ತಲೆಯೆತ್ತದೆಯೇ ಕೇಳಿದರು:

“ಮೂರು ವಾರದ ಹಿಂದೆ, ಆ ಆರು ನಿಮಿಷದ ದಿನ, ಮುಕ್ತಾ ಏನು ಹೇಳಿದಳು?”

“ಯಾರೋ ಒಬ್ಬ ಹುಡುಗನ ವಿಷಯ. ಅವಳ ಕೈಯಲ್ಲೇ ತೀರಿಕೊಂಡನಂತೆ.”

“ಹೇಗೆ?”

“ಗೊತ್ತಿಲ್ಲ.”

“ಹೇಳಲಿಲ್ಲವೇ?”

“ಹೇಳಲು ಹೊರಟಳು. ‘ಅಪ್ಪಾ, ಆ ಹುಡುಗ’ ಅಂದಳು. ನಾನು, ‘ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ ತಾಯಿ, ಊಟ ಆಯಿತೇ’ ಅಂದೆ. ಮತ್ತೆ ಶುರು ಮಾಡಿದಳು. ಆಗಲೇ ಹರಕೆಯ ಮಾತು ಎತ್ತಿದೆ. ‘ನಿನ್ನ ಅಪ್ಪ ಬರಿಗಾಲಲ್ಲಿದ್ದಾನೆ, ನಿನಗೆ ಏನೂ ಆಗುವುದಿಲ್ಲ’ ಅಂದೆ.”

“ಅವಳು ತನಗೆ ಏನಾದರೂ ಆದೀತೆಂದು ಹೇಳಿದ್ದಳೇ?”

“ಇಲ್ಲ.”

“ಮತ್ತೆ?”

ಕರಿಬಸಪ್ಪ ಮುಖ ತಿರುಗಿಸಿದ.

“ನನ್ನಿಂದ ಕೇಳಲಾಗುವುದಿಲ್ಲ ಅನ್ನಿಸಿತು ಅವ್ವಾ.”

ಅವ್ವನವರು ಸೂಜಿ ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿಕೊಂಡು ಕಾದರು. ಬೆಳಕು ಅಂಗಾಲಿನ ಮೇಲಿರಲಿಲ್ಲ.

“ಬೆಳಕು, ಕರಿಬಸಪ್ಪ.”

ಅವನು ತಲೆಯೆತ್ತಿ ನೋಡಿದ. ಬೆಳಕು ತೊಲೆಯ ಮೇಲಿತ್ತು. ಅವನು ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಎರಡೂ ಕೈಯಲ್ಲಿ ತಟ್ಟೆಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದ. ಬೆಳಕು ನಡುಗಿತು, ಆದರೆ ಗಾಯವನ್ನು ಬಿಟ್ಟು ಕದಲಲಿಲ್ಲ.

ಚಿಮುಟದ ತುದಿಯಲ್ಲಿ ಮುಳ್ಳು ಹೊರಬಂತು. ಅಕ್ಕಿಕಾಳಿನಷ್ಟು ಉದ್ದ, ಕಪ್ಪಗೆ.

“ಇಷ್ಟೇನಾ?” ಎಂದ ಕರಿಬಸಪ್ಪ.

“ಇಷ್ಟೇ.”

ಅವರು ಕೀವನ್ನೊತ್ತಿ ತೆಗೆದು, ಬಿಸಿನೀರಿನಲ್ಲಿ ತೊಳೆದು, ಬಿಳಿಯ ಬಟ್ಟೆ ಸುತ್ತಿದರು.

“ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ತೋರಿಸು. ಹೊರಡುವಾಗ ಬಾಗಿಲ ಬಳಿ ಇರುವ ಹವಾಯಿ ಚಪ್ಪಲಿ ಹಾಕಿಕೋ.”

“ಹರಕೆ?”

“ದೇವರಿಗೆ ನಾನು ಹೇಳಿಕೊಳ್ಳುತ್ತೇನೆ. ನಮಗಿಬ್ಬರಿಗೂ ಬಹಳ ದಿನದ ಪರಿಚಯ.”

ಕರಿಬಸಪ್ಪ ಅರೆನಕ್ಕ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹತ್ತೂವರೆ.

ಅವನು ಅವ್ವನವರ ಮುಖ ನೋಡಿದ.

“ಏನು ಹೇಳಲಿ ಅವ್ವಾ?”

ಅವ್ವನವರು ಬಟ್ಟೆಯ ಗಂಟು ಬಿಗಿಯುತ್ತಿದ್ದರು. ಅವನು ಫೋನನ್ನು ಕಿವಿಗಿಟ್ಟುಕೊಂಡ.

“ಅಪ್ಪಾ,” ಎಂದಿತು ದೂರದ ದನಿ. “ಕಾಲು ಹೇಗಿದೆ?”

“ಚೆ...” ಎಂದವನು ತಡೆದ. “ಮುಳ್ಳು ಮುರಿದಿತ್ತು ಮಗಳೇ. ಕೀವಾಗಿತ್ತು. ಅವ್ವನವರು ಈಗಷ್ಟೇ ತೆಗೆದರು.”

“ನಂಗೊತ್ತಿತ್ತು! ಎಷ್ಟು ದಿನ ಆಯ್ತು?”

“ಐದು.”

“ಐದು ದಿನ! ಅಪ್ಪಾ, ನಿನಗೆ ಬುದ್ಧಿ ಇದೆಯಾ? ಶುಗರ್ ಇಟ್ಟುಕೊಂಡು... ನಾಳೆಯೇ ಆಸ್ಪತ್ರೆಗೆ ಹೋಗು. ಟಿ.ಟಿ. ಚುಚ್ಚಿಸಿಕೋ. ಚಪ್ಪಲಿ?”

“ಇವತ್ತಿನಿಂದ ಹಾಕಿಕೊಳ್ಳುತ್ತೇನೆ.”

“ನಿಜವಾಗ್ಲೂ?”

“ನಿಜವಾಗಿಯೂ.”

ಅವಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಕಳೆದ ವಾರ ಮಾತು ನಿಂತದ್ದು ಇಲ್ಲಿಯೇ.

“ಸರಿ ಅಪ್ಪಾ, ನಾನು ಚೆನ್ನಾಗಿದ್ದೇನೆ. ಇಡ್ಲಾ?”

“ಇಡಬೇಡ,” ಎಂದ ಕರಿಬಸಪ್ಪ. “ಆ ಹುಡುಗನ ಹೆಸರೇನು ಮಗಳೇ?”

ಫೋನಿನೊಳಗೆ ಬೆಟ್ಟದ ಗಾಳಿ ಮಾತ್ರ ಕೇಳಿಸುತ್ತಿತ್ತು. ಅವನು ಕಾದ.

“ಬಿಕ್ರಮ್,” ಎಂದಳು ಮುಕ್ತಾ. “ಹತ್ತೊಂಬತ್ತು ವರ್ಷ.”

“ಹೂಂ.”

“ಹಿಮ ಕುಸಿದು ಸಿಕ್ಕಿಬಿದ್ದಿದ್ದ. ಗಾಳಿ ಜೋರು, ಹೆಲಿಕಾಪ್ಟರ್ ಇಳಿಯೋ ಹಾಗಿರಲಿಲ್ಲ. ನನ್ನ ಕೈಲಾದದ್ದೆಲ್ಲ ಮಾಡಿದೆ ಅಪ್ಪಾ. ಬೆಳಗ್ಗೆಯಿಂದ ನನ್ನ ಕೈ ಹಿಡಿದುಕೊಂಡಿದ್ದ. ಗಂಟೆ ಎಷ್ಟು, ಗಂಟೆ ಎಷ್ಟು ಅಂತ ಕೇಳ್ತಾನೇ ಇದ್ದ. ಅವನ ಅಮ್ಮ ನಾಲ್ಕು ಗಂಟೆಗೆ ಹಾಲು ಕರೆಯೋಕೆ ಅಂಗಳಕ್ಕೆ ಬರ್ತಾಳಂತೆ. ಅಲ್ಲಿಯವರೆಗೆ ಇರ್ತೀನಿ ಅಂದ. ನೀನು ಕೊಟ್ಟ ವಾಚು ನೋಡಿ ನೋಡಿ ಹೇಳ್ತಿದ್ದೆ.”

ಕರಿಬಸಪ್ಪನ ನಾಲಗೆಯ ತುದಿಗೆ ಮಾತು ಬಂತು. ದೇವರ ಇಚ್ಛೆ ತಾಯಿ, ಬಿಟ್ಟುಬಿಡು. ಕಣ್ಣು ತಾನಾಗಿ ಮೇಲಕ್ಕೆ, ತೊಲೆಯ ಕಡೆಗೆ ಹೋಯಿತು. ಅಲ್ಲಿ ಕತ್ತಲಿತ್ತು. ತಟ್ಟೆ ಇನ್ನೂ ಅವನ ತೊಡೆಯ ಮೇಲಿತ್ತು. ಬೆಳಕು ಅವನೆದುರಿನ ಗೋಡೆಯ ಮೇಲಿತ್ತು. ಅವನು ಬಂದ ಮಾತನ್ನು ನುಂಗಿಕೊಂಡ.

“ಆಮೇಲೆ?” ಎಂದ.

“ಮೂರೂ ಮುಕ್ಕಾಲಿಗೆ ಕೊನೇ ಸಲ ಕೇಳಿದ. ಮೂರೂ ಮುಕ್ಕಾಲು ಅಂತಲೇ ಹೇಳಿದೆ.” ಅವಳ ದನಿ ಒಡೆಯಿತು. “ನಾಲ್ಕಾಯಿತು ಅನ್ನಬಹುದಿತ್ತು ಅಪ್ಪಾ. ಹದಿನೈದು ನಿಮಿಷದ ಸುಳ್ಳು. ನನಗೆ ಹೊಳೆಯಲೇ ಇಲ್ಲ.”

ಅವಳು ಅತ್ತಳು. ಅಳಬೇಡವೆಂದು ಅವನು ಹೇಳಲಿಲ್ಲ. ಗಡಿಯಾರ ತಪ್ಪು ತೋರಿಸಬಾರದೆಂದು ಅವಳಿಗೆ ಕಲಿಸಿದವನು ತಾನೇ ಎಂಬುದು ಅವನಿಗೆ ನೆನಪಿತ್ತು. ಕೆನ್ನೆಯ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲು ಅವನಿಗೆ ಕೈ ಬಿಡುವಿರಲಿಲ್ಲ. ಒಂದರಲ್ಲಿ ಫೋನು, ಇನ್ನೊಂದರಲ್ಲಿ ತಟ್ಟೆಯ ಅಂಚು.

“ಆ ವಾಚನ್ನು ಆಮೇಲೆ ಕಟ್ಟಲಾಗಲಿಲ್ಲ. ಪೆಟ್ಟಿಗೆಯಲ್ಲಿದೆ. ನಿನಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.” ಸ್ವಲ್ಪ ತಡೆದು, ಭಯಪಟ್ಟವಳಂತೆ ಕೇಳಿದಳು: “ಅಪ್ಪಾ, ಇದ್ದೀಯಾ?”

“ಇದ್ದೇನೆ ಮಗಳೇ. ಹೇಳು.”

ಅವಳು ಹೇಳಿದಳು. ಬಿಕ್ರಮನ ಊರಿನ ಹೆಸರು ಹೇಳಿದಳು, ಅವನ ಹಸುವಿನ ಹೆಸರು ಹೇಳಿದಳು. ಅವನ ತಾಯಿಗೆ ಬರೆದು ಹರಿದುಹಾಕಿದ ಪತ್ರದ ವಿಷಯ ಹೇಳಿದಳು. ಅವ್ವನವರು ಎದ್ದು ಹೋಗಿ ಸೊಪ್ಪನ್ನು ಒಲೆಗೇರಿಸಿ ಬಂದರು. ಬಿಸಿಲು ಹೊಸ್ತಿಲಿನ ಕಡೆಗೆ ಸರಿಯಿತು.

ಕೊನೆಗೆ ಮುಕ್ತಾ ಮೂಗೊರೆಸಿಕೊಂಡು, “ಚಪ್ಪಲಿ ಹಾಕಿಕೊಂಡ ಕಾಲಿನ ಫೋಟೋ ಕಳಿಸು. ನಿನ್ನ ಮಾತನ್ನು ನಂಬೋ ಹಾಗಿಲ್ಲ,” ಎಂದಳು. ದನಿಯಲ್ಲಿ ಒದ್ದೆಯಿತ್ತು. “ಮುಂದಿನ ಭಾನುವಾರ ಮತ್ತೆ ಮಾಡ್ತೀನಿ ಅಪ್ಪಾ. ಇನ್ನೂ ಹೇಳೋದಿದೆ.”

ಕರಿಬಸಪ್ಪ ಫೋನನ್ನು ನೆಲದ ಮೇಲಿಟ್ಟ. ಎಷ್ಟು ನಿಮಿಷವಾಯಿತೆಂದು ನೋಡಲು ಮರೆತಿದ್ದ. ಅವ್ವನವರ ಕಡೆ ತಿರುಗಿದ.

“ಒಂದು ಸಮಾಧಾನದ ಮಾತೂ ಹೊರಡಲಿಲ್ಲ ಅವ್ವಾ. ಆ ಹದಿನೈದು ನಿಮಿಷಕ್ಕೆ ನನ್ನಲ್ಲಿ ಉತ್ತರವೇ ಇರಲಿಲ್ಲ. ಅವಳಿಗಾಗಿ ನಾನು ಏನೂ ಮಾಡಲಿಲ್ಲ.”

ಅವ್ವನವರು ಅವನ ಕೈಯಲ್ಲಿದ್ದುದನ್ನು ನೋಡಿದರು.

“ತಟ್ಟೆಯೂ ಏನೂ ಮಾಡಲಿಲ್ಲ. ತೊಳೆದು ತಾ. ಅದರಲ್ಲೇ ಉಣ್ಣುವೆಯಂತೆ.”