ಹೋರಿ ಹೇಳಿದ ಕಾರಣ

ಹಟ್ಟಿಗೆ ಕಾಲುಬಾಯಿ ಜ್ವರದ ಲಸಿಕೆ ಬಂದ ದಿನ ಹೋರಿ ಕೊಂಬು ಕೊಡವಿತು. "ಚುಚ್ಚಿದ ಮೇಲೆ ಕಿವಿಗೆ ಬಿಲ್ಲೆ ಹೊಡೆಯುತ್ತಾರೆ. ನಾವೇನು ಸಂತೆಯ ಸರಕೇ? ಮಾನವಿದ್ದವರು ಹೋಗುವುದಿಲ್ಲ."

"ಕೊರಳಿಗೆ ಗಂಟೆ ಕಟ್ಟಿಸಿಕೊಂಡಾಗ ಎಲ್ಲಿ ಹೋಗಿತ್ತಪ್ಪಾ ಈ ಮಾನ?" ಎಂದು ಹಂಗಿಸಿ ಮೇಕೆ ಸಾಲಿಗೆ ನಡೆಯಿತು. ಉಳಿದವೂ ಹೋದವು. ಮುದಿ ಎಮ್ಮೆ ಮಾತ್ರ, "ನೀನು ತಿಳಿದವನು, ನಿನ್ನ ಮಾತೇ ನನಗೂ," ಎಂದು ಹಿಂದೆ ಉಳಿಯಿತು.

ತಿಂಗಳೊಳಗೆ ಜ್ವರ ಬಂದು ಎಮ್ಮೆಯನ್ನು ಹಿಡಿಯಿತು. ಬಾಯೆಲ್ಲ ಹುಣ್ಣಾಗಿ, ಎಳೆ ಹುಲ್ಲನ್ನೂ ಅಗಿಯಲಾರದೆ ಅದು ಮಲಗಿಬಿಟ್ಟಿತು. ಹೋರಿಗೆ ಅದರ ಮುಖ ನೋಡಲಾಗಲಿಲ್ಲ.

"ಎಮ್ಮಕ್ಕಾ, ಬಿಲ್ಲೆಯ ಮಾತು ಬರೀ ನೆಪ. ನನಗೆ ಸೂಜಿ ಕಂಡರೆ ಭಯ. ಹಾಗೆನ್ನಲು ನಾಚಿಕೆಯಾಗಿ ಮಾನದ ಮಾತಾಡಿದೆ."

"ಅಷ್ಟೇನಾ ಕಂದಾ?" ಎಂದಿತು ಎಮ್ಮೆ. "ಅಂದೇ ಹೇಳಿದ್ದರೆ ಪಕ್ಕದಲ್ಲಿ ನಿಂತು ನಾನೂ ಚುಚ್ಚಿಸಿಕೊಳ್ಳುತ್ತಿದ್ದೆನಲ್ಲೋ."

ಎರಡು ದಿನಕ್ಕೆ ಎಮ್ಮೆ ತೀರಿಹೋಯಿತು. ವೈದ್ಯರು ಮತ್ತೆ ಲಸಿಕೆ ತಂದಾಗ ಅಲ್ಲಿಗೆ ಬಂದಿದ್ದ ನೆರೆಹಟ್ಟಿಯ ದನಗಳು ಏನೇನೋ ಕಾರಣ ಹೇಳಿ ಹಿಂದೆ ಸರಿಯುತ್ತಿದ್ದವು. ಹೋರಿ ಎಲ್ಲರೆದುರು ಮುಂದೆ ಬಂದು ತಲೆ ತಗ್ಗಿಸಿ ಹೇಳಿತು: "ನನಗೆ ಬಹಳ ಭಯವಾಗುತ್ತಿದೆ. ಯಾರಾದರೂ ಪಕ್ಕದಲ್ಲಿ ನಿಲ್ಲುತ್ತೀರಾ?"