ಗುಡಾರದ ಗೂಟ ಮತ್ತು ಅಂಜೂರದ ಕಡ್ಡಿ

ಸೆರೆಯಾಗಿ ಪರದೇಶಕ್ಕೆ ಬಂದ ಯೆಹೂದ್ಯರು ಹೊಳೆಯ ದಂಡೆಯಲ್ಲಿ ಗುಡಾರ ಹಾಕಿಕೊಂಡಿದ್ದರು. ಅವರಲ್ಲಿ ಮಿಲ್ಕಾ ಎಂಬಾಕೆ ತನ್ನ ಗುಡಾರದ ಗೂಟದ ಪಕ್ಕದಲ್ಲೇ ಅಂಜೂರದ ಕಡ್ಡಿಯೊಂದನ್ನು ನೆಟ್ಟಳು. ಗೂಟಕ್ಕೆ ಮೈಯೆಲ್ಲ ಉರಿದುಹೋಯಿತು.

“ನಮ್ಮನ್ನು ಊರಿಗೆ ಕರೆದೊಯ್ಯುತ್ತೇನೆಂದು ದೇವರು ಪ್ರವಾದಿಯ ಮೂಲಕ ಮಾತು ಕೊಟ್ಟಿದ್ದಾನೆ. ನಾಳೆಯೇ ಹೊರಡಬೇಕಾದೀತೆಂದು ನಾನು ಮಣ್ಣಿನಲ್ಲಿ ಅರ್ಧಕ್ಕೇ ಇಳಿದು ನಿಂತಿದ್ದೇನೆ. ನೀನೋ ಇಲ್ಲೇ ಬೇರು ಬಿಡುತ್ತಿದ್ದೀಯೆ. ನಿನಗೆ ನಂಬಿಕೆಯೇ ಇಲ್ಲ!” ಎಂದು ಅದು ಕಡ್ಡಿಯನ್ನು ಗದರಿತು.

“ತೋಟ ಮಾಡಿ ಹಣ್ಣು ತಿನ್ನಿರಿ ಎಂದವನೂ ಅದೇ ಪ್ರವಾದಿ,” ಎಂದಿತು ಕಡ್ಡಿ. “ಕರೆಯುವ ದಿನ ದೇವರಿಗೆ ಸೇರಿದ್ದು. ಅಲ್ಲಿಯವರೆಗೆ ಮಕ್ಕಳಿಗೆ ಹಸಿವಾಗುವುದಿಲ್ಲವೇ?”

ಬೇಸಿಗೆಯ ಬಿರುಗಾಳಿಗೆ ಗೂಟ ಕಿತ್ತು ಬಂತು. ಮಲಗಿದ್ದ ಮಕ್ಕಳ ಮೇಲೆಯೇ ಗುಡಾರ ಕುಸಿಯಿತು. ಮಿಲ್ಕಾ ಗೂಟವನ್ನು ಮೂಲೆಗೆಸೆದಳು. ಅಂಜೂರ ಬಲಿತ ಮೇಲೆ ಗುಡಾರದ ಹಗ್ಗವನ್ನು ಅದರ ಬೊಡ್ಡೆಗೇ ಕಟ್ಟಿದಳು.

ಊರಿಗೆ ಮರಳುವ ಕರೆ ಬಂದದ್ದು ಮಿಲ್ಕಾಳ ಮೊಮ್ಮಗಳ ಕಾಲಕ್ಕೆ. ಆಕೆ ಆ ಮರದಿಂದ ಒಂದು ಕಡ್ಡಿ ಕತ್ತರಿಸಿಕೊಂಡಳು; ಮೂಲೆಯಲ್ಲಿ ಬಿದ್ದಿದ್ದ ಗೂಟವನ್ನೂ ಗಂಟಿಗೆ ಸೇರಿಸಿದಳು. ಅಜ್ಜಿಯ ಊರಿನ ಮಣ್ಣಿನಲ್ಲಿ ಕಡ್ಡಿಯನ್ನು ನೆಟ್ಟು, ಅದಕ್ಕೆ ಆಸರೆಯಾಗಲೆಂದು ಗೂಟವನ್ನು ಪಕ್ಕದಲ್ಲಿಟ್ಟು ಕಲ್ಲಿನಿಂದ ಹೊಡೆದಳು.

ಅರ್ಧ ಇಳಿದಾಗ ಆಕೆ ಕೈ ನಿಲ್ಲಿಸಿದಳು.

“ಇನ್ನೂ ಆಳಕ್ಕೆ ಹೊಡಿ, ತಾಯಿ,” ಎಂದಿತು ಗೂಟ.